ಇಂಗಾಲದ ಡೈ ಆಕ್ಸೈಡಿನ ಸದುಪಯೋಗ: ಹಾಲು ಉತ್ಪಾದಕರು ಕೇಳಬೇಕಾದ ನಾಲ್ಕು ಪ್ರಶ್ನೆ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ತಿಳುವಳಿಕೆ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಶಿಬಿರಕ್ಕೆ ಬರಲಾಗದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ.)



ನಾನು ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಈಗ ಊರಿನಲ್ಲಿ ಎರಡು ಮಿಶ್ರತಳಿ ಆಕಳು, ಒಂದು ಎಮ್ಮೆ ಕಟ್ಟಿಕೊಂಡು ನಿಮ್ಮ ಹಾಗೆಯೇ ಎರಡೂ ಹೊತ್ತು ಸಂಘಕ್ಕೆ ಹಾಲು ಹಾಕುತ್ತೇನೆ. ಆದ್ದರಿಂದ ಇಂದು ನಾನು ಹೇಳುವುದರಲ್ಲಿ ಅರ್ಧ ಪಾಠದ ಮಾತು, ಅರ್ಧ ಕೊಟ್ಟಿಗೆಯ ಮಾತು ಇರುತ್ತದೆ. ಬೇಸರಿಸಬಾರದು.

ಈಚೆಗೆ ಹಲವು ಕಡೆ ರೈತರ ಮನೆಬಾಗಿಲಿಗೆ ಹೊಸ ರೀತಿಯ ವ್ಯಾಪಾರಿಗಳು ಬರುತ್ತಿದ್ದಾರೆ. "ನಿಮ್ಮ ಸಗಣಿ ಕೊಡಿ, ಕಿಲೋಗೆ ಇಷ್ಟು ಕೊಡುತ್ತೇವೆ. ಅದರಿಂದ ಗ್ಯಾಸ್ ತೆಗೆಯುತ್ತೇವೆ, ಗ್ಯಾಸಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನೂ ಹಿಡಿದು ಮಾರುತ್ತೇವೆ, ಕಾರ್ಬನ್ ಕ್ರೆಡಿಟ್ ಬರುತ್ತದೆ, ಭೂಮಿಯ ಕಾವು ಇಳಿಯುತ್ತದೆ" ಎನ್ನುತ್ತಾರೆ. ಈ ಮಾತಿನಲ್ಲಿ ನಿಜ ಎಷ್ಟು, ಗಾಳಿ ಎಷ್ಟು? ಸಹಿ ಹಾಕುವ ಮುಂಚೆ ನಾವು ಕೇಳಬೇಕಾದದ್ದು ಏನು? ಇದೇ ಇಂದಿನ ವಿಷಯ.

ಹಗೇವಿನ ಪಾಠ

ನಮ್ಮ ಕಡೆ ಹಿರಿಯರಿಗೆ ಹಗೇವು ಗೊತ್ತು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಒಳಗೆ ಸುತ್ತ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಜೋಳಕ್ಕೆ ಹುಳ ಬೀಳುತ್ತಿರಲಿಲ್ಲ. ಕಾರಣ ಇಷ್ಟೆ. ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಳ, ಬೂಷ್ಟು ಎಲ್ಲವೂ ಉಸಿರಾಡಿ ಆಮ್ಲಜನಕ ಖರ್ಚಾಗುತ್ತದೆ. ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಉಸಿರು ಕಟ್ಟಿ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇಂಗಾಲದ ಡೈ ಆಕ್ಸೈಡನ್ನು ಹಿಡಿದಿಟ್ಟು ಉಪಯೋಗಕ್ಕೆ ತರುವುದು ನಮಗೆ ಹೊಸದೇನೂ ಅಲ್ಲ ಎಂದು ಹೇಳಲು ಈ ಮಾತು ಎತ್ತಿದೆ.

ನಾನು ಏಳೆಂಟು ವರ್ಷದವನಿದ್ದಾಗ ನಮ್ಮ ಮನೆಯ ಹಗೇವು ತೆಗೆದರು. ಅಜ್ಜ ಚಪ್ಪಡಿ ಸರಿಸಿ, "ಇವತ್ತು ಯಾರೂ ಇಳಿಯಬೇಡಿ, ಗಾಳಿಯಾಡಲಿ" ಎಂದು ಹೇಳಿ ಹೊಲಕ್ಕೆ ಹೋದರು. ನಮ್ಮ ಕಾಕಾಗೆ ಅವಸರ. ಸಂತೆಗೆ ಹೋಗುವ ಚಕ್ಕಡಿ ಹೊರಡಲಿದೆ, ಎರಡು ಚೀಲ ತೆಗೆದುಬಿಡೋಣ ಎಂದು ಇಳಿದರು. ಕೂಗಿದರೆ ಉತ್ತರವಿಲ್ಲ. ಅವರ ಹಿಂದೆ ಇಳಿಯಲು ಹೋದ ಆಳನ್ನು ಅವ್ವ ಕೈ ಹಿಡಿದು ನಿಲ್ಲಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪುಣ್ಯಕ್ಕೆ ಕಾಕಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ನಾಲ್ಕು ಜನ ಎಳೆದು ಮೇಲೆ ತಂದರು. ಬದುಕಿದರು, ಆದರೆ ಮಾತು ಸರಿಯಾಗಲು ಬಹಳ ದಿನ ಹಿಡಿಯಿತು. ಮರುದಿನ ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಮೊಳಕಾಲೆತ್ತರ ಉಳಿದಿರುವಾಗಲೇ ದೀಪ ನಂದಿತು. "ನೋಡು, ದೀಪ ಬದುಕದ ಕಡೆ ಮನುಷ್ಯ ಬದುಕುವುದಿಲ್ಲ" ಎಂದರು.

ಇದರಲ್ಲಿ ನೀವು ಮೊದಲು ನೆನಪಿಡಬೇಕಾದ ಮಾತಿದೆ. ಇಂಗಾಲದ ಡೈ ಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ರಸಮೇವಿನ ಗುಂಡಿ, ಹಾಳು ಬಾವಿ, ಗೋಬರ್ ಗ್ಯಾಸಿನ ತೊಟ್ಟಿ ಎಲ್ಲ ಕಡೆ ಇದೇ ಅಪಾಯ. ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಇದರ ಜೊತೆಗೆ ಗಂಧಕದ ವಿಷಾನಿಲವೂ ಇರುತ್ತದೆ, ಹೊತ್ತಿಕೊಳ್ಳುವ ಮೀಥೇನ್ ಕೂಡ ಇರುತ್ತದೆ. ಆದ್ದರಿಂದ ಅಲ್ಲಿ ಕಂದೀಲಿನ ಪರೀಕ್ಷೆ ಎಂದೂ ಮಾಡಕೂಡದು, ಸ್ಫೋಟವಾಗುತ್ತದೆ. ಕೆಸರು ತೆಗೆಯಲು ಒಳಗೆ ಇಳಿಯಲೂ ಕೂಡದು. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದರೆ ಇಬ್ಬರೂ ಹೋಗುತ್ತಾರೆ. ಇದೊಂದು ಮಾತು ಮನೆಯಲ್ಲಿ ಎಲ್ಲರಿಗೂ ಹೇಳಿದರೆ ನನ್ನ ಇಂದಿನ ಶ್ರಮ ಸಾರ್ಥಕ.

ಈ ಅನಿಲ ಎಲ್ಲೆಲ್ಲಿ ಉಪಯೋಗದಲ್ಲಿದೆ?

ಶಾಲೆಯಲ್ಲಿ ಹಿರಿಯರು ಇದನ್ನು ಅಂಗಾರಾಮ್ಲ ವಾಯು ಎಂದು ಓದಿದ್ದಾರೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್‌ಲಿ ಎಂಬ ವಿಜ್ಞಾನಿ, ನೆರೆಯ ಬಿಯರ್ ಭಟ್ಟಿಯಲ್ಲಿ ಹುದುಗುವ ತೊಟ್ಟಿಯ ಮೇಲೆ ನೀರಿನ ಪಾತ್ರೆ ತೂಗುಹಾಕಿ ಸೋಡಾ ನೀರು ಮಾಡಿದ. ನಾವು ಜಾತ್ರೆಯಲ್ಲಿ ಕುಡಿದ ಗೋಳಿ ಸೋಡಾ ಅದರ ಮೊಮ್ಮಗ. ಇವತ್ತಿಗೂ ಎಥನಾಲ್ ತಯಾರಿಸುವ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಹುದುಗುವಾಗ, ಒಂದು ಲೀಟರ್ ಎಥನಾಲಿಗೆ ಸುಮಾರು ಮುಕ್ಕಾಲು ಕಿಲೋ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಅದನ್ನು ಶುದ್ಧಿ ಮಾಡಿ ಸೋಡಾ ಬಾಟಲಿಗೆ, ಬೆಂಕಿ ಆರಿಸುವ ಸಿಲಿಂಡರಿಗೆ, ಡ್ರೈ ಐಸಿಗೆ ಬಳಸಬಹುದು.

ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್. ಅದರ ಶೈತ್ಯ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಕೃತಕ ಗರ್ಭಧಾರಣೆಯಲ್ಲಿ ಘನೀಕೃತ ವೀರ್ಯ ಬಂದ ಮೊದಲ ದಿನಗಳಲ್ಲಿ ಅದನ್ನು ಕಾಪಾಡಿದ್ದು ಇದೇ ಡ್ರೈ ಐಸ್. ದ್ರವ ಸಾರಜನಕದ ಕ್ಯಾನು ಆಮೇಲೆ ಬಂದದ್ದು. ನಮ್ಮ ದನದ ತಳಿ ಸುಧಾರಣೆಗೂ ಈ ಅನಿಲದ ಋಣವಿದೆ.

ಇನ್ನು ನೀವು ಪ್ರತಿ ಹಂಗಾಮಿಗೆ ತರುವ ಯೂರಿಯಾ. ಜಗತ್ತಿನಲ್ಲಿ ಈ ಅನಿಲದ ಅತಿ ದೊಡ್ಡ ಗಿರಾಕಿ ಯೂರಿಯಾ ಕಾರ್ಖಾನೆ. ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್ ಕೂಡಿಸಿದರೆ ಯೂರಿಯಾ. ಮಂಗಳೂರಿನ ಬಳಿ ಪಣಂಬೂರಿನಲ್ಲಿ ತಯಾರಾಗುವುದೂ ಹೀಗೆಯೇ. 45 ಕಿಲೋದ ಒಂದು ಚೀಲದಲ್ಲಿ ಸುಮಾರು 33 ಕಿಲೋ ಇಂಗಾಲದ ಡೈ ಆಕ್ಸೈಡ್ ಕಟ್ಟಿಹಾಕಲ್ಪಟ್ಟಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತು ವರ್ಷಕ್ಕೆ ಸುಮಾರು 23 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಬಳಸುತ್ತದೆ. ಅದರಲ್ಲಿ ಸುಮಾರು 13 ಕೋಟಿ ಟನ್ ಯೂರಿಯಾಕ್ಕೇ ಹೋಗುತ್ತದೆ.

23 ಕೋಟಿ ಟನ್ ಎಂದರೆ ಬಹಳವಾಯಿತು ಎನ್ನಬೇಡಿ. ಕಲ್ಲಿದ್ದಲು, ಎಣ್ಣೆ, ಸಿಮೆಂಟು ಇವುಗಳಿಂದ ಜಗತ್ತು ವರ್ಷಕ್ಕೆ ಗಾಳಿಗೆ ಬಿಡುವುದು 3,700 ಕೋಟಿ ಟನ್‌ಗಳ ಆಸುಪಾಸು. ಬಳಸುವುದು ನೂರಕ್ಕೆ ಒಂದು ಪಾಲೂ ಅಲ್ಲ. ಕಾರ್ಖಾನೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 280 ಭಾಗವಿತ್ತು. 2024ರಲ್ಲಿ 420 ದಾಟಿತ್ತು. ಭೂಮಿಗೆ ಹೊದಿಸಿದ ಕಂಬಳಿ ದಪ್ಪವಾದಂತೆ ಕಾವು ಏರುತ್ತದೆ. ಬೇಸಿಗೆಯಲ್ಲಿ ಮಿಶ್ರತಳಿ ಆಕಳು ತೇಗಿ, ಮೇವು ಬಿಟ್ಟು, ಹಾಲು ಇಳಿಸುವುದು ನಮಗೆ ಗೊತ್ತೇ ಇದೆ. ಆದ್ದರಿಂದ ಈ ವಿಷಯ ದೂರದ್ದಲ್ಲ. ನಮ್ಮ ಹಾಲಿನ ಪುಸ್ತಕದಲ್ಲೇ ಬರೆದಿದೆ.

ನಾಲ್ಕು ಪ್ರಶ್ನೆ

"ಇಂಗಾಲವನ್ನು ಹಿಡಿದು ಉಪಯುಕ್ತ ವಸ್ತು ಮಾಡಿದ್ದೇವೆ" ಎಂದು ಯಾರಾದರೂ ಹೇಳಿದರೆ ಒಪ್ಪುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಈ ಇಂಗಾಲ ಎಲ್ಲಿಂದ ಬಂತು? ಎರಡು, ಅದನ್ನು ಬದಲಾಯಿಸಲು ಯಾವ ಶಕ್ತಿ ಬಳಸಿದಿರಿ? ಮೂರು, ಅದು ವಸ್ತುವಿನಲ್ಲಿ ಎಷ್ಟು ಕಾಲ ನಿಲ್ಲುತ್ತದೆ? ನಾಲ್ಕು, ಲಾಭ ಯಾರಿಗೆ? ಸಂಘದ ಜಮಾ ಖರ್ಚು ನೋಡುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ನೋಡಬೇಕು.

ಯೂರಿಯಾವನ್ನೇ ಈ ಪರೀಕ್ಷೆಗೆ ಹಚ್ಚಿ. ಇಂಗಾಲ ಬಂದದ್ದು ಬಹುತೇಕ ನೆಲದಾಳದ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ. ಶಕ್ತಿಯೂ ಅದರದ್ದೇ. ಎಷ್ಟು ಕಾಲ ನಿಲ್ಲುತ್ತದೆ? ಹೊಲಕ್ಕೆ ಹಾಕಿದ ಕೆಲವೇ ದಿನಗಳಲ್ಲಿ ಮಣ್ಣಿನ ಸೂಕ್ಷ್ಮಾಣುಗಳ ಕಿಣ್ವ ಅದನ್ನು ಒಡೆಯುತ್ತದೆ. ಆ 33 ಕಿಲೋ ಮತ್ತೆ ಗಾಳಿಗೆ. ಯೂರಿಯಾ ಬೆಳೆಗೆ ಬೇಕಾದ ವಸ್ತು, ನಾನು ಅದನ್ನು ಜರಿಯುವುದಿಲ್ಲ. ಆದರೆ ಅದು ಗಾಳಿಯ ಇಂಗಾಲವನ್ನು ಕಡಿಮೆ ಮಾಡಿತು ಎಂದು ಯಾರಾದರೂ ಹೇಳಿದರೆ ಅದು ಲೆಕ್ಕ ತಪ್ಪಿದ ಮಾತು.

ಸುಣ್ಣವನ್ನು ನೋಡಿ. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಕಲ್ಲಾಗುತ್ತದೆ. ತಲೆಮಾರುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮೂರನೇ ಪ್ರಶ್ನೆಗೆ ಉತ್ತಮ ಉತ್ತರ. ಆದರೆ ಭಟ್ಟಿಯಲ್ಲಿ ಸುಣ್ಣದ ಕಲ್ಲು ಸುಡುವಾಗ ಅಷ್ಟೇ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗಿರುತ್ತದೆ. ಸುಟ್ಟ ಸೌದೆ, ಕಲ್ಲಿದ್ದಲಿನದು ಬೇರೆ. ಕೊಟ್ಟದ್ದನ್ನೇ ಮರಳಿ ಪಡೆದಂತೆ. ಒಂದೇ ಕಡೆಯ ಪುಟ ತೋರಿಸುವ ಲೆಕ್ಕಿಗನನ್ನು ನಂಬಬಾರದು.

ಹೊರಗೆ ನಡೆದಿರುವ ಪ್ರಯತ್ನಗಳು

ಪ್ರಾಮಾಣಿಕ ಪ್ರಯತ್ನಗಳು ಇಲ್ಲವೆಂದಲ್ಲ. ತಮಿಳುನಾಡಿನ ತೂತುಕುಡಿಯ ಒಂದು ಕಾರ್ಖಾನೆಯಲ್ಲಿ 2016ರಲ್ಲಿ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಇಂಗಾಲದ ಡೈ ಆಕ್ಸೈಡ್ ಹಿಡಿದು ಸೋಡಾ ಬೂದಿ ಮಾಡಲು ಆರಂಭಿಸಿದರು. ವರ್ಷಕ್ಕೆ 60,000 ಟನ್ ಹಿಡಿಯುವ ಯೋಜನೆ. ಅದಕ್ಕೆ ಮುಂಚೆ ಹೊರಗಿನಿಂದ ಕೊಂಡು ತರುತ್ತಿದ್ದುದನ್ನು ತಮ್ಮ ಚಿಮಣಿಯಿಂದಲೇ ಪಡೆದರು. ಸೋಡಾ ಬೂದಿ ಸಾಬೂನು ಪುಡಿಗೆ, ಗಾಜಿಗೆ ಹೋಗುತ್ತದೆ. ಗಾಜಿನ ಕುಲುಮೆಯಲ್ಲಿ ಇಂಗಾಲ ಮತ್ತೆ ಹೊರಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. (ಅಂದ ಹಾಗೆ, ಸೋಡಾ ಇರಬೇಕಾದ ಜಾಗ ಸಾಬೂನು, ಹಾಲಿನ ಕ್ಯಾನು ಅಲ್ಲ. ಹುಳಿ ಮುಚ್ಚಲು ಹಾಲಿಗೆ ಸೋಡಾ ಹಾಕಿದವರು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ, ಇಡೀ ಸಂಘದ ಹೆಸರು ಕೆಡಿಸುತ್ತಾರೆ.)

ಐಸ್‌ಲ್ಯಾಂಡ್ ದೇಶದಲ್ಲಿ 2012ರಲ್ಲಿ ಒಂದು ಕಾರ್ಖಾನೆ ಭೂಗರ್ಭದ ಬಿಸಿಯಿಂದ ಬಂದ ವಿದ್ಯುತ್ತಿನಲ್ಲಿ ನೀರು ಒಡೆದು ಜಲಜನಕ ಮಾಡಿ, ಅದಕ್ಕೆ ಇಂಗಾಲದ ಡೈ ಆಕ್ಸೈಡ್ ಕೂಡಿಸಿ ಮೆಥನಾಲ್ ಎಂಬ ಇಂಧನ ತಯಾರಿಸಿತು. ಅದಕ್ಕೆ ನೊಬೆಲ್ ಪುರಸ್ಕೃತ ವಿಜ್ಞಾನಿ ಜಾರ್ಜ್ ಓಲಾ ಅವರ ಹೆಸರಿಟ್ಟಿದ್ದರು. 2022ರಲ್ಲಿ ಚೀನಾದ ಆನ್ಯಾಂಗ್ ನಗರದಲ್ಲಿ ವರ್ಷಕ್ಕೆ 1,10,000 ಟನ್ ಮೆಥನಾಲ್ ಮಾಡುವ ಕಾರ್ಖಾನೆ ಎದ್ದಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಸೆಬಾಸ್ಟಿಯನ್ ಪೀಟರ್ ಅವರ ತಂಡವೂ ಇದೇ ಕೆಲಸದಲ್ಲಿ ತೊಡಗಿ, 2018ರಲ್ಲಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾದದ್ದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ಆದರೆ ಎರಡನೇ ಪ್ರಶ್ನೆ ಇಲ್ಲಿ ಕಠಿಣವಾಗುತ್ತದೆ. ಇಂಗಾಲದ ಡೈ ಆಕ್ಸೈಡ್ ಎಂದರೆ ಉರಿದು ಮುಗಿದ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಶಕ್ತಿ ಕೊಡಲೇಬೇಕು. ಒಂದು ಟನ್ ಮೆಥನಾಲಿಗೆ ಬೇಕಾದ ಜಲಜನಕವನ್ನು ನೀರಿನಿಂದ ತೆಗೆಯಲು ಸುಮಾರು 10,000 ಯೂನಿಟ್ ವಿದ್ಯುತ್ ಬೇಕು. ಆ ಒಂದು ಟನ್ ಉರಿಸಿದರೆ ಬರುವ ಶಕ್ತಿ ಸುಮಾರು 5,500 ಯೂನಿಟ್ಟಿನಷ್ಟು. ಆ ವಿದ್ಯುತ್ತು ಬಿಸಿಲಿನಿಂದಲೋ ಗಾಳಿಯಿಂದಲೋ ಬಂದರೆ ಸರಿ. ಕಲ್ಲಿದ್ದಲಿನಿಂದ ಬಂದರೆ ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಹತ್ತು ಲೀಟರ್ ಹಾಲು ಕುಡಿಸಿ ಐದು ಲೀಟರ್ ಕರೆದ ಹಾಗೆ.

ಪ್ರಕೃತಿಯಲ್ಲಿ ಈ ಕೆಲಸವನ್ನು ಯಾವ ವಿದ್ಯುತ್ ಬಿಲ್ಲೂ ಇಲ್ಲದೆ ಮಾಡುವವರು ಇಬ್ಬರು. ಒಂದು ಹಸಿರೆಲೆ. ಬಿಸಿಲು, ನೀರು, ಗಾಳಿಯ ಇಂಗಾಲ ಸೇರಿಸಿ ಮೇವು ಮಾಡುತ್ತದೆ. ಹಾಲೆಂಡಿನಲ್ಲಿ 2005ರಿಂದ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಇಂಗಾಲದ ಡೈ ಆಕ್ಸೈಡನ್ನು ಕೊಳವೆಯಲ್ಲಿ ತಂದು ಗಾಜಿನ ಮನೆಗಳಲ್ಲಿ ತರಕಾರಿ, ಹೂವಿಗೆ ಉಣಿಸುತ್ತಿದ್ದಾರೆ, ಇಳುವರಿ ಹೆಚ್ಚುತ್ತದೆ. ಸ್ಪಿರುಲಿನಾದಂತಹ ಸೂಕ್ಷ್ಮ ಪಾಚಿಯೂ ಹೀಗೆಯೇ. ಒಂದು ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲದ ಡೈ ಆಕ್ಸೈಡ್ ಹೀರುತ್ತದೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಸ್ಪಿರುಲಿನಾ ಬೆಳೆಸುವ ವಿಧಾನಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಎರಡನೆಯವರು ನಿಮ್ಮ ಕೊಟ್ಟಿಗೆಯಲ್ಲೇ ಇದ್ದಾರೆ. ಆಕಳಿನ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು ಜಲಜನಕವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡುತ್ತವೆ. ಆಕಳು ದಿನಕ್ಕೆ ನೂರಾರು ಲೀಟರ್ ಮೀಥೇನನ್ನು ತೇಗಿನಲ್ಲಿ ಬಿಡುತ್ತದೆ. ಇದೇ ಕ್ರಿಯೆಯನ್ನು ಕಾರ್ಖಾನೆಯ ರೀತಿಯಲ್ಲಿ ಮಾಡಿ ತೋರಿಸಿದ ಫ್ರಾನ್ಸಿನ ಪಾಲ್ ಸಬಾಟಿಯೆ ಅವರಿಗೆ 1912ರಲ್ಲಿ ನೊಬೆಲ್ ಬಂತು. ಆಕಳಿಗೆ ಬರಲಿಲ್ಲ ಅಷ್ಟೆ! ಆದರೆ ಗಾಳಿ ಸೇರಿದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಕಾವು ಹಿಡಿಯುತ್ತದೆ. ಆದ್ದರಿಂದ ಮೀಥೇನನ್ನು ಉರಿಸಿ ಉಪಯೋಗಿಸಬೇಕು, ಸೋರಿಸಬಾರದು.

ನಮ್ಮ ಸಗಣಿಯ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್, ಉಳಿದ 40ರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡ್. ಒಲೆಗೆ ಹಚ್ಚುವಾಗ ಇದನ್ನು ಬೇರ್ಪಡಿಸುವ ಅಗತ್ಯವಿಲ್ಲ. ಆದರೆ ಗ್ಯಾಸನ್ನು ಒತ್ತಿ ಸಿಲಿಂಡರಿಗೆ ತುಂಬಿ ವಾಹನಕ್ಕೆ ಮಾರಬೇಕಾದರೆ ಮೀಥೇನ್ 90 ಭಾಗಕ್ಕಿಂತ ಹೆಚ್ಚಿರಬೇಕು. 2018ರಲ್ಲಿ ಕೇಂದ್ರ ಸರ್ಕಾರ ಸತತ್ ಎಂಬ ಯೋಜನೆಯಲ್ಲಿ ಇಂತಹ ಗ್ಯಾಸಿಗೆ ಪ್ರೋತ್ಸಾಹ ಆರಂಭಿಸಿತು. ಹಾಗೆ ಶುದ್ಧಿ ಮಾಡುವಾಗ ಇಂಗಾಲದ ಡೈ ಆಕ್ಸೈಡ್ ತಾನಾಗಿಯೇ ಬೇರೆಯಾಗಿ ಬರುತ್ತದೆ. ಒಂದು ಕಿಲೋ ಮೀಥೇನಿಗೆ ಸುಮಾರು 1.8 ಕಿಲೋ. ವ್ಯಾಪಾರಿಗಳು "ಹಿಡಿದು ಮಾರುತ್ತೇವೆ" ಎನ್ನುವುದು ಇದನ್ನೇ.

ಮೊದಲ ಪ್ರಶ್ನೆಗೆ ಇಲ್ಲಿ ಒಳ್ಳೆಯ ಉತ್ತರವಿದೆ. ಸಗಣಿಯ ಇಂಗಾಲ ಮೇವಿನಿಂದ, ಮೇವಿನದು ಗಾಳಿಯಿಂದ ಬಂದದ್ದು. ನೆಲದಾಳದಿಂದ ಅಗೆದದ್ದಲ್ಲ. ಗಾಳಿಗೆ ಮರಳಿದರೂ ಹಳೆಯ ಸಾಲ ತೀರಿಸಿದಂತೆಯೇ ಹೊರತು ಹೊಸ ಸಾಲವಲ್ಲ.

ಪ್ರಮಾಣ ನೋಡಿ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್. ಮನೆಯ ಎರಡು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಅದರಲ್ಲಿ ಬರುವ ಇಂಗಾಲದ ಡೈ ಆಕ್ಸೈಡ್ ಒಂದೂವರೆ ಕಿಲೋ ಒಳಗೆ. ಅದನ್ನು ಹಿಡಿಯಲು ಹೋಗುವುದು ಹುಚ್ಚುತನ. ಊರಿನ ಐದಾರು ನೂರು ದೊಡ್ಡ ದನಗಳ 10 ಟನ್ ಸಗಣಿ ಒಟ್ಟುಗೂಡಿಸಿದರೆ ದಿನಕ್ಕೆ 400 ಘನ ಮೀಟರ್ ಗ್ಯಾಸ್, ಅಂದರೆ ಅಡಿಗೆ ಗ್ಯಾಸಿನ ಸುಮಾರು 12 ಸಿಲಿಂಡರಿನ ಶಕ್ತಿ. ಜೊತೆಗೆ ಇಂಗಾಲದ ಡೈ ಆಕ್ಸೈಡ್ ಸುಮಾರು 290 ಕಿಲೋ. ಇಷ್ಟನ್ನು ತೊಳೆದು, ಒಣಗಿಸಿ, ಒತ್ತಿ, ತಂಪು ಮಾಡಿ ದ್ರವವಾಗಿಸಲು ಯಂತ್ರ ಬೇಕು, ವಿದ್ಯುತ್ ಬೇಕು. ಸೋಡಾಕ್ಕೆ, ಆಹಾರಕ್ಕೆ ಹೋಗಬೇಕಾದರೆ ಗಂಧಕದ ವಾಸನೆಯೂ ಉಳಿಯದಷ್ಟು ಶುದ್ಧಿ ಬೇಕು. ಹತ್ತಿರದಲ್ಲೇ ಕೊಳ್ಳುವವರು ಇಲ್ಲದಿದ್ದರೆ ಲಾರಿಯ ಡೀಸೆಲ್ಲೇ ಲಾಭ ನುಂಗುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದು ಹಳ್ಳಿಯ ಮಟ್ಟದಲ್ಲಿ ಇದು ಆಗುವ ಮಾತಲ್ಲ. ಹತ್ತಾರು ಸಂಘಗಳು ಸೇರಿ ಒಕ್ಕೂಟದ ಮಟ್ಟದಲ್ಲಿ, ಐಸ್ ಕ್ರೀಮ್ ಸಾಗಣೆಗೆ ಡ್ರೈ ಐಸ್ ಬೇಕಾಗುವಂತಹ ಡೇರಿಯ ಪಕ್ಕದಲ್ಲೇ ಸ್ಥಾವರ ಇದ್ದರೆ ಯೋಚಿಸಬಹುದು.

ಗುಜರಾತಿನ ಬನಾಸ್ ಡೇರಿಯವರು ಡೀಸಾ ಹತ್ತಿರದ ದಾಮಾದಲ್ಲಿ ದಿನಕ್ಕೆ 40 ಟನ್ ಸಗಣಿಯ ಸ್ಥಾವರ ಕಟ್ಟಿ, ರೈತರಿಗೆ ಕಿಲೋಗೆ ಒಂದು ರೂಪಾಯಿಯಂತೆ ಕೊಟ್ಟು, ವಾಹನಕ್ಕೆ ಗ್ಯಾಸ್ ಮಾರಿ ತೋರಿಸಿದ್ದಾರೆ. ಆಣಂದ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರು ಬೇರೆ ದಾರಿ ಹಿಡಿದರು. ಮನೆ ಮನೆಯ ಹಿತ್ತಲಲ್ಲೇ ಸಣ್ಣ ಸ್ಥಾವರ, ಗ್ಯಾಸು ಅದೇ ಮನೆಯ ಒಲೆಗೆ, ಮಿಕ್ಕ ಬಗ್ಗಡವನ್ನು ಮಾತ್ರ ಕೊಂಡು ಗೊಬ್ಬರ ಮಾಡಿ ಮಾರಾಟ. ಈ ಎರಡು ದಾರಿಯನ್ನೂ ನಮ್ಮ ಆಡಳಿತ ಮಂಡಳಿಗಳು ಅಧ್ಯಯನ ಮಾಡುವುದು ಒಳ್ಳೆಯದು.

ಎಲ್ಲಕ್ಕಿಂತ ಬೆಲೆಯುಳ್ಳ ಉತ್ಪನ್ನ

ಬಂಧುಗಳೇ, ಇಂಗಾಲದಿಂದ ಮಾಡಬಹುದಾದ ವಸ್ತುಗಳಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದು ಮೆಥನಾಲ್ ಅಲ್ಲ, ಸೋಡಾ ಅಲ್ಲ. ಅದು ಮಣ್ಣಿನೊಳಗಿನ ಇಂಗಾಲ. ನಿಮ್ಮ ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಿ, ಸಾವಯವ ಇಂಗಾಲ ಎಂಬ ಸಾಲಿದೆ. ಅದು 0.5ಕ್ಕಿಂತ ಕಡಿಮೆ ಇದ್ದರೆ "ಕಡಿಮೆ" ಎಂದು ಬರೆದಿರುತ್ತಾರೆ. ನನ್ನ ಹೊಲದ ಚೀಟಿಯಲ್ಲೂ ಹಾಗೆಯೇ ಇದೆ. ಅಂತಹ ನೆಲ ಮಳೆ ನೀರು ಹಿಡಿಯುವುದಿಲ್ಲ, ಹಾಕಿದ ಯೂರಿಯಾವನ್ನೂ ಹಿಡಿಯುವುದಿಲ್ಲ.

ಗ್ಯಾಸ್ ಸ್ಥಾವರದಲ್ಲಿ ಸಗಣಿಯ ಸಾವಯವ ಪದಾರ್ಥದ ಸುಮಾರು ಕಾಲು ಭಾಗ ಗ್ಯಾಸಾಗಿ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಬಗ್ಗಡದಲ್ಲೇ ಇದೆ. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲವೂ ಅಲ್ಲೇ ಇವೆ. ಆದ್ದರಿಂದ ಬಗ್ಗಡ ಹೊಲಕ್ಕೆ ಮರಳಿದರೆ ಗ್ಯಾಸು ಪುಕ್ಕಟೆ ಸಿಕ್ಕಿದಂತೆ. ಮರಳದಿದ್ದರೆ? ಕಿಲೋಗೆ ಒಂದು ರೂಪಾಯಿ ಎಂದು ನೀವು ಮಾರಿದ್ದು ಸಗಣಿಯನ್ನಲ್ಲ, ಹೊಲದ ಕಸುವನ್ನು. ಇಂದು ಕೈಗೆ ಬಂದ ದುಡ್ಡು ನಾಲ್ಕು ವರ್ಷದ ಮೇಲೆ ಗೊಬ್ಬರದ ಅಂಗಡಿಗೆ ಹೋಗುತ್ತದೆ. ನಾನು ಇಂದು ಇಲ್ಲಿ ನಿಂತದ್ದು ಮುಖ್ಯವಾಗಿ ಈ ಒಂದು ಮಾತಿಗೆ.

ಆದ್ದರಿಂದ ಯಾರೇ ಬಂದರೂ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ:

1. ನಾವು ಕೊಟ್ಟ ಸಗಣಿಗೆ ತಕ್ಕ ಬಗ್ಗಡ ಅಥವಾ ಗೊಬ್ಬರ ಎಷ್ಟು ದಿನದಲ್ಲಿ, ಎಷ್ಟು ಕಿಲೋ ಮರಳುತ್ತದೆ? ಸಾಗಣೆ ಖರ್ಚು ಯಾರದು?

2. ಬೆಲೆ ಹೇಗೆ ಕಟ್ಟುತ್ತೀರಿ? ಹಾಲಿಗೆ ಫ್ಯಾಟ್, ಎಸ್.ಎನ್.ಎಫ್. ನೋಡಿದ ಹಾಗೆ ಸಗಣಿಯ ಒಣ ಅಂಶ ನೋಡುತ್ತೀರಾ? ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ಬೆಲೆಯಾದರೆ ಪ್ರಾಮಾಣಿಕನಿಗೆ ನಷ್ಟ.

3. ಗ್ಯಾಸು ಸೋರುವುದನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ? ಸೋರಿದರೆ ಭೂಮಿಗೆ ಉಪಕಾರ ಎಂಬ ಮಾತು ಸುಳ್ಳಾಗುತ್ತದೆ.

4. ಹಿಡಿದ ಇಂಗಾಲದ ಡೈ ಆಕ್ಸೈಡ್ ಯಾರಿಗೆ ಮಾರುತ್ತೀರಿ? ಆ ಹಣದಲ್ಲಿ, ಕಾರ್ಬನ್ ಕ್ರೆಡಿಟ್ಟಿನ ಹಣದಲ್ಲಿ ಸದಸ್ಯರ ಪಾಲು ಎಷ್ಟು?

5. ತೊಟ್ಟಿ ಸ್ವಚ್ಛ ಮಾಡುವವರು ಯಾರು? ಮನುಷ್ಯರನ್ನು ಒಳಗೆ ಇಳಿಸುವುದಿಲ್ಲ ಎಂದು ಬರೆದುಕೊಡುತ್ತೀರಾ?

ಈ ಐದಕ್ಕೆ ನೇರ ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಸಿ. ನಗುತ್ತಾ ಹಾರಿಸಿದವರಿಗೆ ಚಹ ಕೊಟ್ಟು ಕಳಿಸಿ.

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲಿನ ಬೆಲೆಯನ್ನು ವ್ಯಾಪಾರಿ ಹೇಳುವುದಲ್ಲ, ನಾವು ಹೇಳುತ್ತೇವೆ ಎಂದು ಸಂಘ ಕಟ್ಟಿದರು. ಅದರ ಫಲವನ್ನು ನಾವಿಂದು ಉಣ್ಣುತ್ತಿದ್ದೇವೆ. ಹಾಲಿಗೆ ಅನ್ವಯಿಸಿದ ಆ ನ್ಯಾಯ ಸಗಣಿಗೂ, ಅದರೊಳಗಿನ ಇಂಗಾಲಕ್ಕೂ ಅನ್ವಯಿಸುತ್ತದೆ. ಒಬ್ಬೊಬ್ಬರೇ ಚೌಕಾಸಿಗೆ ಕೂತರೆ ಸೋಲುತ್ತೇವೆ. ಸಂಘದ ಮೂಲಕ ಕೂತರೆ ಗೆಲ್ಲುತ್ತೇವೆ.

ನಾಳೆಯಿಂದಲೇ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಹಾಳುಬಿದ್ದ ಗೋಬರ್ ಗ್ಯಾಸ್ ಸ್ಥಾವರ ಮನೆಯಲ್ಲಿದ್ದರೆ ಮೇಸ್ತ್ರಿಯನ್ನು ಕರೆಸಿ ದುರಸ್ತಿ ಮಾಡಿಸಿ. ಬಗ್ಗಡವನ್ನು ಚರಂಡಿಗೆ ಬಿಡದೆ, ತಿಪ್ಪೆಯಲ್ಲಿ ಕಸಕಡ್ಡಿಯ ಪದರದ ಮೇಲೆ ಸುರಿದು, ನೆರಳು ಮಾಡಿ ಗೊಬ್ಬರವಾಗಿಸಿ ಹೊಲಕ್ಕೆ ಹೊಡೆಯಿರಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಠರಾವಿನ ರೂಪದಲ್ಲಿ ಬರೆಸಿ.

ಅಜ್ಜ ದೀಪ ಇಳಿಸಿ ನೋಡದೆ ಹಗೇವಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊಸ ವ್ಯಾಪಾರಕ್ಕೆ ಇಳಿಯುವಾಗ ನಮ್ಮ ಕೈಯಲ್ಲೂ ಒಂದು ದೀಪವಿರಲಿ.

ಹಾಲು ಕರೆಯುವ ಹೊತ್ತಾಯಿತು, ಹೋಗಿಬನ್ನಿ.